ಆ ಗಾಡಿಯನ್ನು ಓಡುವ ಸ್ಥಿತಿಯಲ್ಲಿ ಮಾರಬೇಡಿ

ಜಪ್ತಿ ವಾಹನಗಳ ಹರಾಜು ನಡೆಸುವ ಮಾನ್ಯ ಅಧಿಕಾರಿಗಳೇ,

ಈ ಪತ್ರದಲ್ಲಿರುವ ಕಥೆಯನ್ನು ಮೊದಲು ಹೇಳಿದವಳು ನನ್ನ ಹೆಂಡತಿ ಮುಕ್ತಾಬಾಯಿ. ಹೇಳಿದ್ದು ಮೊನ್ನೆ ಮಂಗಳವಾರ ಸಂಜೆ, ನಮ್ಮ ಹಿಟ್ಟಿನ ಗಿರಣಿಯ ಮುಂದೆ, ಏಳೆಂಟು ಜನರ ಎದುರಿಗೆ. ಒಂದೂವರೆ ವರ್ಷ ನಾವು ಮೂವರೇ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದ ಕಥೆ ಅದು. ಅವಳು ಬಾಯಿ ಬಿಡುವಂತೆ ಮಾಡಿದವರು ನೀವು. ಬರುವ ಶನಿವಾರ ನಿಮ್ಮ ಆವರಣದಲ್ಲಿ ಹರಾಜಾಗಲಿರುವ ವಾಹನಗಳ ಪಟ್ಟಿಯಲ್ಲಿ ಹದಿನೇಳನೆಯದು ನಮ್ಮೂರಿನ ಇಮಾಮುದ್ದೀನ ಗುಜರಿ ಸಾಮಾನಿನಿಂದ ಕಟ್ಟಿದ ಗಾಡಿ. ಅದರ ಮುಂದೆ ನೀವು "ಚಾಲನೆಗೆ ಯೋಗ್ಯ" ಎಂದು ಬರೆಸಿದ್ದೀರಿ. ಯಾರಾದರೂ ಅದನ್ನು ಕೊಂಡು ಓಡಿಸಿಕೊಂಡು ಹೊರಟರೆ ದಾರಿಯಲ್ಲಿ ಯಾರೋ ಒಬ್ಬರು ಸಾಯುತ್ತಾರೆ. ದಯವಿಟ್ಟು ಇದನ್ನು ಬೆದರಿಕೆ ಎಂದು ಓದಬೇಡಿ. ಹೆದರಿದ ಮನುಷ್ಯನೊಬ್ಬ ಬರೆದದ್ದು ಎಂದು ಓದಿ.

ಮೊದಲು ಒಪ್ಪಿಕೊಳ್ಳಬೇಕಾದುದನ್ನು ಒಪ್ಪಿಕೊಂಡುಬಿಡುತ್ತೇನೆ. ನೀವು ಗಾಡಿಯನ್ನು ಜಪ್ತಿ ಮಾಡಿದ್ದು ಸರಿ. ಅದಕ್ಕೆ ನಂಬರಿಲ್ಲ, ವಿಮೆಯಿಲ್ಲ, ಯಾವ ಕಾಗದವೂ ಇಲ್ಲ. ಹೊಲದಲ್ಲಿ ಇರಬೇಕಾದದ್ದನ್ನು ಇಮಾಮುದ್ದೀನ ಒಂದು ದಿನ ಡೀಸೆಲ್ ಹಾಕಿಸಲು ಡಾಂಬರು ರಸ್ತೆಗೆ ತಂದ, ನಿಮ್ಮವರು ಹಿಡಿದರು. ಅವನೂ ತಕರಾರು ಮಾಡಲಿಲ್ಲ. ಆ ದಿನದ ಪಂಚನಾಮೆಯಲ್ಲಿ "ರಸ್ತೆಗೆ ಅಯೋಗ್ಯ" ಎಂದು ಬರೆದಿದ್ದಾರೆ, ಅದರ ಪ್ರತಿ ನನ್ನ ಹತ್ತಿರ ಇದೆ. ಈಗ ಅದೇ ಗಾಡಿ ಚಾಲನೆಗೆ ಯೋಗ್ಯವಾಗಿದೆ. ನಡುವೆ ಏನಾಯಿತು ಸ್ವಾಮಿ? ನಿಮ್ಮ ಆವರಣದ ಬೇವಿನ ಮರದ ಕೆಳಗೆ ಹನ್ನೊಂದು ತಿಂಗಳು ಬಿಸಿಲು ಮಳೆಯಲ್ಲಿ ನಿಂತು ನಿಂತು ಅದಕ್ಕೆ ಯೋಗ್ಯತೆ ಬಂದಿತೇ? ಹಾಗಿದ್ದರೆ ನಮ್ಮೂರಿನಲ್ಲಿ ಇನ್ನೂ ಕೆಲವರಿದ್ದಾರೆ, ಅವರನ್ನೂ ಕಳಿಸಿಕೊಡುತ್ತೇವೆ.

ಇಮಾಮುದ್ದೀನ ಯಾರೆಂದು ನಿಮಗೆ ಗೊತ್ತಿರಲಿಕ್ಕಿಲ್ಲ. ಗಿರಣಿಯ ಬಾಜುವಿನಲ್ಲೇ ಅವನ ಕುಲುಮೆ. ಅಂಗಡಿಯಿಂದ ಕೊಂಡ ಹತ್ಯಾರ ಅವನ ಹತ್ತಿರ ಒಂದೂ ಇಲ್ಲ. ಸುತ್ತಿಗೆಯನ್ನು ಮುರಿದ ಟ್ರ್ಯಾಕ್ಟರ್ ಆಕ್ಸಲ್ಲಿನಿಂದ ಮಾಡಿಕೊಂಡಿದ್ದಾನೆ, ಉಳಿಗಳನ್ನು ಲಾರಿಯ ಕಮಾನ್ ಪಟ್ಟಿಯಿಂದ. ಕಬ್ಬಿಣಕ್ಕೆ ತೂತು ಕೊರೆಯುವ ಯಂತ್ರಕ್ಕೆ ಯಾರದೋ ಮನೆಯ ಕೆಟ್ಟ ವಾಷಿಂಗ್ ಮಷೀನಿನ ಮೋಟಾರು ಹಾಕಿದ್ದಾನೆ. ಗುಜರಿ ಅಂಗಡಿಗೆ ಹೋದರೆ ನಮಗೆ ತುಕ್ಕು ಕಾಣುತ್ತದೆ, ಅವನಿಗೆ ಮುಂದಿನ ತಿಂಗಳ ಕೆಲಸ ಕಾಣುತ್ತದೆ. ಹತ್ತು ವರ್ಷದ ಹಿಂದೆ ಕಬ್ಬಿನ ಟ್ರೇಲರ್ ಹಾಯ್ದು ಅವನ ಬಲಮೊಣಕಾಲು ಮಡಚದಂತಾಯಿತು. ಅಂದಿನಿಂದ ಅವನ ತಿದಿ, ಸಾಣೆ, ಎಲ್ಲವೂ ಎಡಗಾಲಿನಿಂದಲೇ ನಡೆಯುತ್ತವೆ.

ಅವನ ಕುಲುಮೆಯಲ್ಲಿ ಒಂದು ಪದ್ಧತಿ ಇದೆ. ಅವನ ಅಪ್ಪನ ಕಾಲದಿಂದಲೂ ಇದೆ. ಕುಡಗೋಲಾಗಲಿ ಕೊಡಲಿಯಾಗಲಿ, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವಾಗ ಮೊದಲು ಕುಲುಮೆಗೆ ಬರಬೇಕು. ಅಣ್ಣತಮ್ಮಂದಿರು ಬೇರೆಯಾದರೂ, ಮಾವನ ಕೊಡಲಿ ಅಳಿಯನಿಗೆ ಹೋದರೂ ಬರಬೇಕು. ಇಮಾಮುದ್ದೀನ ಹಳೆಯ ಹಿಡಿಕೆಯನ್ನು ಹೊಡೆದು ತೆಗೆದು ಬೆಂಕಿಗೆ ಹಾಕುತ್ತಾನೆ. ಹೊಸಬನ ಮಣಿಕಟ್ಟಿನಿಂದ ಮೊಣಕೈವರೆಗೆ ದಾರ ಹಿಡಿದು ಅಳತೆ ಮಾಡಿ ಹೊಸ ಹಿಡಿಕೆ ಕೂರಿಸುತ್ತಾನೆ. ನಮ್ಮೂರಿನಲ್ಲಿ ಯಾರೂ ಇದನ್ನು ತಪ್ಪಿಸುವುದಿಲ್ಲ, ಏಕೆಂದರೆ ತಪ್ಪಿಸಿದವರ ಕಣಕಾಲಿನ ಗಾಯಗಳನ್ನು ನೋಡಿದ್ದೇವೆ. ಇನ್ನೊಬ್ಬನ ಅಳತೆಯ ಹತ್ಯಾರವನ್ನು ಯಾರೂ ಹಾಗೇ ಹಿಡಿಯುವುದಿಲ್ಲ ಎಂದು ಅವನು ನಂಬಿದ್ದಾನೆ. ಗಾಡಿ ಕಟ್ಟುವಾಗ ಅವನು ಮಾಡಿದ ತಪ್ಪೂ ಅದೇ. ಜಗತ್ತೆಲ್ಲ ನಮ್ಮೂರಿನಂತೆ ಎಂದುಕೊಂಡ.

ಗಾಡಿಗೆ ಹಳೆಯ ಜೀಪಿನ ಚಾಸಿ, ಅಪಘಾತವಾದ ಮಿನಿ ಲಾರಿಯ ಡೀಸೆಲ್ ಎಂಜಿನ್, ಬಸ್ಸಿನ ಎರಡು ಸೀಟು. ಮೇಲೆ ತಗಡಿಲ್ಲ, ಬಾಗಿಲಿಲ್ಲ, ಬಾನೆಟ್ ಇಲ್ಲ. ಮೈಭಾರ ಇಲ್ಲದ್ದರಿಂದ ಕಾಲಿಟ್ಟರೆ ಹಾರುತ್ತದೆ. ಅವನಿಗೆ ಬೇಕಾಗಿದ್ದುದೂ ಅದೇ. ಕುಂಟುತ್ತ ನಡೆಯುವ ಮನುಷ್ಯನಿಗೆ ವೇಗದ ಆಸೆ ಇರಬಾರದೆಂದು ಯಾವ ಕಾನೂನೂ ಇಲ್ಲವಲ್ಲ? ಗೋವಿನಜೋಳ ಕಟಾವಾದ ಮೇಲೆ ಖಾಲಿ ಹೊಲದಲ್ಲಿ ಅವನು ಅದನ್ನು ಓಡಿಸುತ್ತಿದ್ದರೆ ಊರಿಗೆ ಊರೇ ಬದುವಿನ ಮೇಲೆ ನಿಂತು ಸಿಳ್ಳೆ ಹೊಡೆಯುತ್ತಿತ್ತು. ಅದಕ್ಕೆ "ಗುಜರಿ ರಾಣಿ" ಎಂದು ಹೆಸರಿಟ್ಟವರೂ ಊರಿನವರೇ.

ಈಗ ನಾನು ಬರೆಯುವುದನ್ನು ದಯವಿಟ್ಟು ಎರಡು ಸಲ ಓದಿ. ಎಲ್ಲ ಗಾಡಿಗಳಲ್ಲಿ ಎಡಕ್ಕೆ ಕ್ಲಚ್ಚು, ನಡುವೆ ಬ್ರೇಕು, ಬಲಕ್ಕೆ ಆಕ್ಸಿಲರೇಟರ್ ಇರುತ್ತದೆ. ಇಮಾಮುದ್ದೀನನ ಬಲಗಾಲು ಕೆಲಸ ಮಾಡುವುದಿಲ್ಲ. ಹಾಗಾಗಿ ಅವನು ಕ್ಲಚ್ಚನ್ನು ಕೈಗೆ ತಂದ, ಎಡಕ್ಕೆ ಬ್ರೇಕು ಇಟ್ಟ, ನಡುವೆ ಆಕ್ಸಿಲರೇಟರ್ ಇಟ್ಟ. ಬಲಕ್ಕೆ ಏನೂ ಇಲ್ಲ. ಅಂದರೆ ನೀವು, ನಾನು, ಡ್ರೈವಿಂಗ್ ಕಲಿತ ಪ್ರತಿಯೊಬ್ಬರೂ ಗಾಬರಿಯಾದಾಗ ಯಾವ ಪೆಡಲನ್ನು ಜೋರಾಗಿ ತುಳಿಯುತ್ತೇವೆಯೋ, ಆ ಗಾಡಿಯಲ್ಲಿ ಅದನ್ನು ತುಳಿದರೆ ಗಾಡಿ ನಿಲ್ಲುವುದಿಲ್ಲ. ಮುಂದಕ್ಕೆ ಜಿಗಿಯುತ್ತದೆ.

ಇದನ್ನು ಹೇಳಲೆಂದೇ ಸೋಮವಾರ ನಾನು, ಇಮಾಮುದ್ದೀನ ಇಬ್ಬರೂ ನಿಮ್ಮ ಕಚೇರಿಗೆ ಬಂದಿದ್ದೆವು. ನೀವು ಸಭೆಯಲ್ಲಿದ್ದಿರಿ. ಪಟ್ಟಿ ನೋಡಿಕೊಳ್ಳುವ ಗುಮಾಸ್ತರು ಸಿಕ್ಕರು.

"ಸಾಹೇಬ್ರ, ನನಗ ಗಾಡಿ ವಾಪಸ್ ಬ್ಯಾಡ್ರಿ," ಎಂದ ಇಮಾಮುದ್ದೀನ. "ಒಂದ್ ತಾಸು ಒಳಗ ಬಿಡ್ರಿ. ಪೆಡಲ್ ಬಿಚ್ಚಿ ನಿಮ್ಮ ಟೇಬಲ್ ಮ್ಯಾಲೆ ಇಟ್ಟು ಹೋಗ್ತೇನಿ."

"ಅದು ಈಗ ಸರಕಾರದ ಆಸ್ತಿ. ಒಂದ್ ಬೋಲ್ಟ್ ಮುಟ್ಟಿದ್ರೂ ಕೇಸ್ ಆಗ್ತದ."

"ಹಂಗಾರ ನೀವ ಬಿಚ್ಚಸ್ರಿ."

"ಬಿಚ್ಚಿದ್ರ ಪಟ್ಟಿ ಬದಲಾಗ್ತದ. ಪಟ್ಟಿ ಆಗಲೇ ಪೇಪರಿನ್ಯಾಗ ಬಂದೈತಿ."

"ಒಂದ್ ಚೀಟಿನಾರ ಅಂಟಸ್ರಿ. ಬ್ರೇಕ್ ಎಡಕ್ಕೈತಿ ಅಂತ."

"ಬರದು ಕೊಡು. ನೀನ ಕಟ್ಟಿದ್ದು ಅಂತ ಸಹಿ ಮಾಡಿ ಕೊಡು. ಹಳೇ ಕೇಸಿನ ಬಾಜೂಕ ಇನ್ನೊಂದು ಹಾಕೂಣು," ಎಂದು ಅವರು ನಕ್ಕರು.

ಗಾಡಿಯನ್ನು ಪರೀಕ್ಷೆ ಮಾಡಿದ್ದು ಹೇಗೆ ಎಂದು ನಾನು ಕೇಳಿದೆ. "ಬಾಜೂಕ ನಿಂತು ಚಾವಿ ತಿರುವಿದ್ವಿ, ಒಂದ ಸಲಕ್ಕ ಚಾಲೂ ಆತು. ಚಾಲೂ ಆದ ಮ್ಯಾಲೆ ಚಾಲನೆಗೆ ಯೋಗ್ಯ ಅಲ್ಲೇನ್ರಿ?" ಎಂದರು. ಆಮೇಲೆ, ನಮಗೆ ಸಮಾಧಾನವಾಗಲೆಂದೋ ಏನೋ, ಆಗಲೇ ಇಬ್ಬರು ಹುಡುಗರು ಬಂದು ನೋಡಿ ಹೋಗಿದ್ದಾರೆ, ಒಬ್ಬ ಸೀಟಿನ ಮೇಲೆ ಕೂತು ಫೋಟೋ ತೆಗೆಸಿಕೊಂಡ, ಅಗದಿ ಖುಷಿಯಾಗಿ ಹೋದ ಎಂದೂ ಹೇಳಿದರು. ಆ ಹುಡುಗನ ಮುಖ ನಾನು ನೋಡಿಲ್ಲ. ಆದರೂ ಅಂದಿನಿಂದ ಅವನು ನನ್ನ ಕಣ್ಣ ಮುಂದೆಯೇ ಕೂತಿದ್ದಾನೆ.

ಮಂಗಳವಾರ ಸಂಜೆ ಗಿರಣಿಯ ಮುಂದೆ ಜನ ಕೂಡಿದ್ದರು. ದುರ್ಗವ್ವ ಜೋಳ ಬೀಸಿಸಲು ಬಂದಿದ್ದಳು. ಎದುರಿನ ಚಹಾ ಅಂಗಡಿಯ ಹನಮಪ್ಪ ಪೇಪರಿನಲ್ಲಿದ್ದ ಪಟ್ಟಿಯನ್ನು ಓದಿ ಹೇಳುತ್ತಿದ್ದ. ಮೂಲೆಯಲ್ಲಿ ಕುಳಿತಿದ್ದ ಇಮಾಮುದ್ದೀನನ ಮುಖ ನೋಡಿ ಅವನಿಗೆ ಚೇಷ್ಟೆ ಮಾಡುವ ಮನಸ್ಸಾಯಿತು.

"ಏನ್ಲೇ ಇಮಾಮ್ಯಾ, ಮಗಳನ್ನ ಗಂಡನ ಮನಿಗೆ ಕಳಸಾವ್ರಂಗ ಕುಂತೀಯಲ್ಲ! ರಾಣಿ ಎಲ್ಲ್ಯಾರ ಸುಖವಾಗಿ ಇರ್ತಾಳ ಬಿಡು."

"ಹಗ್ಗಾ ಕಟ್ಟಿ ಎಳಕೊಂಡು ಒಯ್ದರ ಇರಲಿ ಕಾಕಾ. ಓಡಿಸ್ಕೊಂಡು ಒಯ್ದರ ಹೆಂಗ?"

"ಒಯ್ಯಲಿ. ನಾಕ್ ಸಲ ಹೇಳಿ ಕೊಟ್ರ ಯಾರಿಗೂ ತಿಳೀತದ. ಪೆಡಲ್ ಅಂದ್ರ ಏನ್ ಮಂತ್ರೇನು?"

ಆಗ ಒಳಗೆ ಹಿಟ್ಟು ಜರಡಿ ಹಿಡಿಯುತ್ತಿದ್ದ ನನ್ನ ಹೆಂಡತಿ ಹೊರಗೆ ಬಂದಳು. ಸೆರಗಿನಿಂದ ಕೈ ಒರೆಸಿಕೊಂಡಳು. "ಹೇಳಿ ಕೊಟ್ರ ತಿಳೀತದೇನು ಹನಮಪ್ಪ? ನಮ್ಮ ಮನಿಯವರಿಗೆ ಮೂರ್ ಸಲ ಹೇಳಿ ಕೊಟ್ಟಿದ್ದ. ಏನಾತು ಕೇಳು," ಎಂದು ಶುರು ಮಾಡಿದಳು. ನಾನು ಗಿರಣಿಯ ಬೆಲ್ಟು ನಿಲ್ಲಿಸಿದೆ. ಅವಳ ಮಾತಿನಿಂದ ತಪ್ಪಿಸಿಕೊಳ್ಳಲು ಇನ್ನು ಯಾವ ಸದ್ದೂ ಉಳಿಯಲಿಲ್ಲ.

ಅವಳು ಹೇಳಿದ್ದು ಇದು. ಒಂದೂವರೆ ವರ್ಷದ ಹಿಂದೆ ಸುಗ್ಗಿ ಮುಗಿದ ಮೇಲೆ, ಒಂದು ಮಧ್ಯಾಹ್ನ, ನಮ್ಮ ಹೊಲದಲ್ಲಿ ನಾನು ಆ ಗಾಡಿಯನ್ನು ಓಡಿಸಬೇಕೆಂದು ಹಟ ಹಿಡಿದೆ. ಇಮಾಮುದ್ದೀನ ಬೇಡವೆಂದ. "ಕಾಕಾ, ಇದು ನನ್ನ ಕಾಲಿನ ಅಳತಿ ಐತ್ರಿ," ಎಂದ. "ಲೇ, ನೀ ಹುಟ್ಟಾಕಿಂತ ಮೊದಲ ನಾ ಜೀಪ್ ಓಡಿಸೇನಿ," ಎಂದು ನಾನು ಅವನನ್ನು ಪಕ್ಕಕ್ಕೆ ಸರಿಸಿ ಕೂತೆ. ಅವನು ಮೂರು ಸಲ ಬಾಯಿಪಾಠ ಮಾಡಿಸಿದ: ಎಡಕ್ಕೆ ಬ್ರೇಕು, ನಡುವೆ ಓಟ, ಕೈಯಲ್ಲಿ ಕ್ಲಚ್ಚು. ನಾನು ಮಗ್ಗಿಯಂತೆ ಒಪ್ಪಿಸಿದೆ. ಎರಡು ಸುತ್ತು ಚೆನ್ನಾಗಿಯೇ ಓಡಿಸಿದೆ. ಮೂರನೆಯ ಸುತ್ತಿನಲ್ಲಿ ಬದುವಿನ ಆಚೆಯಿಂದ ಮುಕ್ತಾಬಾಯಿ ರೊಟ್ಟಿ ಬುಟ್ಟಿ ತಲೆಯ ಮೇಲಿಟ್ಟುಕೊಂಡು ಹೊಲಕ್ಕೆ ಇಳಿದಳು. ಮೂವತ್ತು ಮಾರು ದೂರ. ನಾನು ಬ್ರೇಕು ತುಳಿದೆ.

ತುಳಿದದ್ದು ನಡುವಿನದನ್ನು.

ಎಂಜಿನ್ ಕೂಗಿತು. ಅವಳು ದೊಡ್ಡವಳಾಗುತ್ತ ಬಂದಳು. ನಿಲ್ಲುತ್ತಿಲ್ಲವಲ್ಲ ಎಂದು ನಾನು ಇನ್ನೂ ಜೋರಾಗಿ ತುಳಿದೆ. ಅದು ಇನ್ನೂ ಜೋರಾಗಿ ಓಡಿತು. ಮಾನ್ಯರೇ, ಎಡಗಡೆ ಬ್ರೇಕಿದೆ ಎಂಬುದು ಆ ಕ್ಷಣದಲ್ಲೂ ನನಗೆ ಗೊತ್ತಿತ್ತು. ಬೇಕಾದರೆ ಬಾಯಲ್ಲಿ ಹೇಳುತ್ತಿದ್ದೆ. ಕಾಲು ಕೇಳಲಿಲ್ಲ. ಮೂವತ್ತು ವರ್ಷ ಜೀಪು ಓಡಿಸಿದ ಕಾಲು ಅದು. ಎಷ್ಟು ಚೆನ್ನಾಗಿ ಕಲಿತಿತ್ತೋ ಅಷ್ಟು ಗಟ್ಟಿಯಾಗಿ ತಪ್ಪು ಪೆಡಲನ್ನು ಒತ್ತಿ ಹಿಡಿಯಿತು. ಪಕ್ಕದಲ್ಲಿದ್ದ ಇಮಾಮುದ್ದೀನ ಬಗ್ಗಿ ಎಂಜಿನ್ ಬಂದ್ ಮಾಡುವ ತಂತಿಯನ್ನು ಎಳೆದ. ಅವಳು ಬುಟ್ಟಿ ಬಿಟ್ಟು ಬದುವಿನ ಆಚೆ ಬಿದ್ದಳು. ಗಾಡಿ ಬುಟ್ಟಿಯ ಮೇಲೆ ಹತ್ತಿ, ಬದುವಿಗೆ ಮೂತಿ ಗುದ್ದಿ ನಿಂತಿತು.

ಅವಳು ಎದ್ದು ಮಣ್ಣು ಕೊಡವಿಕೊಂಡು ಹೇಳಿದ್ದು ಒಂದೇ ಮಾತು. "ನನ್ನ ಕೊಲ್ಲಬೇಕಂದ್ರ ಇಷ್ಟ ದೊಡ್ಡ ಗಾಡಿ ಯಾಕ ಬೇಕಾಗಿತ್ರಿ? ಮನ್ಯಾಗ ಹೇಳಿದ್ರ ಸಾಕಾಗಿತ್ತು." ನಾವು ಮೂವರೂ ನಕ್ಕೆವು. ನಕ್ಕದ್ದು ನಿಜ. ಆಮೇಲೆ ಮೂರು ದಿನ ಅವಳಿಗೆ ಜ್ವರ ಬಿಡಲಿಲ್ಲ. ಕಲ್ಲಿಗೆ ಬಡಿದು ಗಾಡಿಯ ಮುಂದಿನ ಕಬ್ಬಿಣದ ಪಟ್ಟಿ ಸೊಟ್ಟಗಾಯಿತು ಎಂದು ಊರಿಗೆ ಸುಳ್ಳು ಹೇಳಿದೆವು. ಅಂದಿನಿಂದ ಇಮಾಮುದ್ದೀನ ಚಾವಿಯನ್ನು ಕೊರಳಿಗೆ ಕಟ್ಟಿಕೊಂಡ, ಯಾರ ಕೈಗೂ ಕೊಡಲಿಲ್ಲ. ಆ ಚಾವಿ ಈಗ ನಿಮ್ಮ ಕಚೇರಿಯ ಮೊಳೆಗೆ ನೇತಾಡುತ್ತಿದೆ.

ನನ್ನ ಗಾಡಿಯ ಮುಂದೆ ಬಂದವಳು ನನ್ನ ಹೆಂಡತಿ. ಅದು ಖಾಲಿ ಹೊಲ, ಪಕ್ಕದಲ್ಲಿ ಗಾಡಿ ಕಟ್ಟಿದವನೇ ಕೂತಿದ್ದ. ಶನಿವಾರ ಆ ಹುಡುಗನ ಪಕ್ಕದಲ್ಲಿ ಯಾರು ಕೂತಿರುತ್ತಾರೆ? ತಂತಿ ಎಲ್ಲಿದೆ ಎಂದು ಅವನಿಗೆ ಯಾರು ಹೇಳುತ್ತಾರೆ? ನಿಮ್ಮ ಆವರಣದ ಗೇಟಿನ ಹೊರಗೆ ತರಕಾರಿಯವರು ಕೂರುತ್ತಾರೆ. ಅಲ್ಲಿಂದ ಹೊರಟ ರಸ್ತೆ ನಮ್ಮ ಗಿರಣಿಯ ಮುಂದೆಯೇ ಹಾಯುತ್ತದೆ; ನಮ್ಮೂರಿನವರೆಗೆ ಎರಡು ಶಾಲೆ, ಒಂದು ಸಂತೆ ಬಯಲು. ಅವನ ಮುಂದೆ ಯಾರು ಅಡ್ಡ ಬರುತ್ತಾರೋ ಅವರು ಈ ಹೊತ್ತು ಮನೆಯಲ್ಲಿ ಊಟ ಮಾಡುತ್ತಿರಬಹುದು. ಅವರಿಗೆ ನಿಮ್ಮ ಪಟ್ಟಿಯ ಹದಿನೇಳನೆಯ ಸಾಲು ಗೊತ್ತೇ ಇಲ್ಲ. ನನಗೆ ಗೊತ್ತಿದೆ. ಇವತ್ತಿನಿಂದ ನಿಮಗೂ ಗೊತ್ತಿದೆ.

ನೀವೇ ಒಮ್ಮೆ ಆವರಣದಲ್ಲಿ ಒಂದು ಸುತ್ತು ಓಡಿಸಿ ನೋಡಿ ಎಂದು ಬರೆದಿದ್ದೆ. ಹೆದರಿ ಆ ಸಾಲನ್ನು ಹೊಡೆದು ಹಾಕಿದ್ದೇನೆ. ದಯವಿಟ್ಟು ಓಡಿಸಬೇಡಿ.

ನಮ್ಮ ಬೇಡಿಕೆ ಇಷ್ಟೇ. ಶನಿವಾರದೊಳಗೆ ಆ ಗಾಡಿಯನ್ನು ನಿಮ್ಮ ಕಣ್ಣೆದುರಿಗೇ ಗ್ಯಾಸ್ ಕಟರಿನಿಂದ ಕತ್ತರಿಸಿ ಗುಜರಿಯಾಗಿ ಮಾರಿ. ಎಲ್ಲಿಂದ ಬಂದಿತೋ ಅಲ್ಲಿಗೇ ಹೋಗಲಿ. ಕತ್ತರಿಸುವವರು ಸಿಗದಿದ್ದರೆ ಇಮಾಮುದ್ದೀನ ತನ್ನ ಕಟರು ತಂದು ತಾನೇ ಕತ್ತರಿಸಿ ಕೊಡುತ್ತಾನೆ. ಮೂರು ವರ್ಷ ಕೂತು ಕಟ್ಟಿದವನು ಕೈಯಾರೆ ಕತ್ತರಿಸುತ್ತೇನೆ ಎನ್ನುತ್ತಿದ್ದಾನೆ. ಇದಕ್ಕಿಂತ ದೊಡ್ಡ ಸಾಕ್ಷಿ ನಿಮಗೆ ಇನ್ನೇನು ಬೇಕು? ಅವನ ಮೇಲೆ ಇನ್ನೊಂದು ಕೇಸು ಹಾಕುವುದಿದ್ದರೆ ಹಾಕಿ, ಅವನು ಸಹಿ ಮಾಡಿ ಕೊಡುತ್ತಾನೆ. ನನ್ನದೂ ಬೇಕಿದ್ದರೆ ಈ ಪತ್ರದ ಕೆಳಗೆ ಇದೆ.

ಮಂಗಳವಾರ ಸಂಜೆ ಮುಕ್ತಾಬಾಯಿ ಕಥೆ ಮುಗಿಸಿದಳು. ದುರ್ಗವ್ವ ಹಿಟ್ಟಿನ ಚೀಲ ಎತ್ತಿಕೊಂಡು ಹೋದಳು. ಹನಮಪ್ಪ ಪೇಪರು ಮಡಚಿ ಎದ್ದ. ಬುಧವಾರ ಬೆಳಗ್ಗೆ ನಾನು ಗಿರಣಿಯ ಬಾಗಿಲು ತೆಗೆಯುವಾಗ ಹನಮಪ್ಪ ಮತ್ತು ಆ ಸಂಜೆ ಕಥೆ ಕೇಳಿದ ಇನ್ನೂ ಮೂವರು ರಸ್ತೆಯ ಬದಿಯಲ್ಲಿದ್ದರು. ಶಾಲೆಯ ಮಕ್ಕಳು ಬಸ್ಸಿಗೆ ಕಾಯುತ್ತ ಕೂರುವ ಕಲ್ಲಿನ ಬೆಂಚನ್ನು ಹಾರೆ ಹಾಕಿ ಎಬ್ಬಿಸಿ, ಅಂಗಡಿಯ ಗೋಡೆಯ ಹಿಂದಕ್ಕೆ ಹೊತ್ತುಕೊಂಡು ಹೋಗುತ್ತಿದ್ದರು.

ಇಂತಿ,
ನಿಮ್ಮ ಹರಾಜಿನ ದಾರಿಯಲ್ಲೇ ಅಂಗಡಿ ಇಟ್ಟುಕೊಂಡು, ಪ್ರತಿ ಎಂಜಿನ್ ಸದ್ದಿಗೂ ಹೊರಗೆ ಇಣುಕುತ್ತಿರುವ
ವೆಂಕಣ್ಣ, ಹಿಟ್ಟಿನ ಗಿರಣಿಯವನು
ಮಿಶ್ರಿಕೋಟಿಯ ಹತ್ತಿರದ ಒಂದು ಹಳ್ಳಿಯಿಂದ