ಎಲ್ಲಿಗೂ ಹೋಗದ ಸೈಕಲ್ಲು

...ಆದರೂ ಇವತ್ತು ಕೊಂಡೇಬಿಟ್ಟೆ, ದ್ರಾಕ್ಷಾಯಿಣಿ. ನೀನಿದ್ದರೆ "ಈ ವಯಸ್ಸಿನ್ಯಾಗ ಇದೇನ್ ಹುಚ್ಚಾಟರೀ" ಅನ್ನುತ್ತಿದ್ದಿ. ಪಣಜಿಯಲ್ಲಿ ಮನೆ ಖಾಲಿ ಮಾಡುತ್ತಿದ್ದ ಬಿಳಿಯನೊಬ್ಬ ಮಾರಿದ ಹಳೆಯ ಸಾಮಾನು: ಒಂದು ಚೌಕಟ್ಟು, ಅದರಲ್ಲಿ ಮೂರು ಉರುಳೆ. ಮೇಲೆ ಸೈಕಲ್ಲು ನಿಲ್ಲಿಸಿ ತುಳಿದರೆ ಗಾಲಿ ತಿರುಗುತ್ತದೆ, ಸೈಕಲ್ಲು ಮಾತ್ರ ಇದ್ದಲ್ಲೇ ಇರುತ್ತದೆ. "ಸೆಕೆಂಡ್ ಹ್ಯಾಂಡ್, ಬಟ್ ಫಸ್ಟ್ ಕ್ಲಾಸ್?" ಎಂದು ಕೇಳಿದೆ. ಕಾಲೇಜಿನ ಇಂಗ್ಲಿಷು ಅಷ್ಟಾದರೂ ಉಳಿದಿದೆ.

ಬಂದರಿನ ಬಳಿಯ ನಮ್ಮ ಸಡಾಕ್ಕೆ ತಂದು ನನ್ನ ಸೈಕಲ್ಲು ಏರಿಸುತ್ತಲೇ ಪಕ್ಕದ ಮನೆಯ ಭಾಗವ್ವ, ಹೊಸ ಗಾಡಿ ಎಂದುಕೊಂಡು, ಮುಂದಿನ ಗಾಲಿಯೆದುರು ನಿಂಬೆಹಣ್ಣು ಇಟ್ಟಳು. ಕಿಟಕಿಯ ಸರಳು ಹಿಡಿದು ಹತ್ತು ನಿಮಿಷ ತುಳಿದೆ. ಹಣ್ಣು ಹಾಗೇ ಇತ್ತು.

"ಕಾಕಾ, ನಿಂಬಿಹಣ್ಣು ಮುಟ್ಟಾಕ ಇನ್ನ ಎಷ್ಟು ದಿನಾ ಬೇಕ್ರಿ? ಎಲ್ಲಿಗೂ ಹೋಗದ ಸೈಕಲ್ ಯಾಕ್ರಿ ನಿಮಗ?"

"ಎಲ್ಲಿಗೂ ಹೋಗಬಾರದಂತನ ತಂದೇನವಾ."

ವಿತ್ ಡ್ಯೂ ರೆಸ್ಪೆಕ್ಟ್, ಯಾರು ನಕ್ಕರೂ ಸೈಕಲ್ಲು ಬಿಡುವವನಲ್ಲ ನಾನು. ನೀನು ತೀರಿಹೋದ ಮುಂಜಾನೆ ದೂರದ ಕೊರ್ತಾಲಿಮ್ ಸೇತುವೆಯ ಮೇಲೆ ಗಾಳಿಗೆ ಎದುರಾಗಿ ತುಳಿಯುತ್ತಿದ್ದೆ. ಅಡುಗೆಮನೆಯಿಂದ ನೀನು ಕರೆದದ್ದು ಭಾಗವ್ವನಿಗೆ ಕೇಳಿಸಿತು, ನನಗಲ್ಲ. ಈಗ ಎಷ್ಟು ಜೋರಾಗಿ ತುಳಿದರೂ ಅಡುಗೆಮನೆಯ ಬಾಗಿಲು ಮೂರೇ ಹೆಜ್ಜೆ.

ಬಂದರಿನ ಕಡೆ ಬೆಳಕು ಹೋಗುತ್ತಿದೆ. ದೇವರಿಗೆ ದೀಪ ಹಚ್ಚುವುದು ಈಗ ನನ್ನ ಕೆಲಸ.