ಅಮಾವಾಸ್ಯೆಯ ದಿನ ನಿಲ್ಲಿಸದ ಸಪ್ಪಳ

ಗಜೇಂದ್ರಗಡ
ಅಮಾವಾಸ್ಯೆಯ ಮರುದಿನ, ಮಂಗಳವಾರ ಬೆಳಿಗ್ಗೆ

ಪ್ರೀತಿಯ ಸೊಸೆ ಶ್ವೇತಾಳಿಗೆ ಮಾವ ಅಂದಾನೆಪ್ಪನ ತುಂಬು ಮನಸ್ಸಿನ ಆಶೀರ್ವಾದ.

ಹೇಗಿದ್ದೀಯವ್ವಾ? ಕಾಲಿನ ಬಾವು ಇಳಿಯಿತೇ? ತವರಿನಲ್ಲಾದರೂ ಕೂತು ಉಣ್ಣುತ್ತೀಯೋ, ಇಲ್ಲಿಯ ಹಾಗೆ ಒಂದು ಕೈಯಲ್ಲಿ ರೊಟ್ಟಿ, ಇನ್ನೊಂದು ಕೈಯಲ್ಲಿ ಕಂಪ್ಯೂಟರಿನ ಮೌಸು ಹಿಡಿದೇ ತಿನ್ನುತ್ತೀಯೋ? ಹೆರಿಗೆಗೆ ಇನ್ನು ಹೆಚ್ಚು ದಿನವಿಲ್ಲ ಎಂದು ಬಸವಪ್ರಸಾದ ಹೇಳಿದ. ಸಂಜೆ ಬಿಸಿಲು ಇಳಿದ ಮೇಲೆ ಶಿರೋಳದ ಓಣಿಯಲ್ಲಿ ಸ್ವಲ್ಪ ಅಡ್ಡಾಡು. ಬೀಗರಿಗೆ ನನ್ನ ಶರಣು ಹೇಳು. ಇಲ್ಲಿ ನಾವು ಆರಾಮ ಇದ್ದೇವೆ. ನಿನ್ನ ಅತ್ತೆ ಮುದುಕವ್ವನ ಮೊಣಕಾಲು ಎಂದಿನಂತೆ ಹಿಡಿಯುತ್ತದೆ. ಆದರೂ ನಿನಗೆಂದು ಒಲೆಯ ಮುಂದೆ ಕೂತು ಶೇಂಗಾ ಹೋಳಿಗೆ ಮಾಡಿ ಕಟ್ಟಿದ್ದಾಳೆ. ನಿನ್ನ ಗಂಡ ರೋಣದ ಅಂಗಡಿಗೆ ಸೀರೆ ಮುಟ್ಟಿಸಿ ಅಲ್ಲಿಂದ ನಿನ್ನ ಕಡೆ ಬರುತ್ತಾನೆ. ಹೋಳಿಗೆಯ ಡಬ್ಬಿಯ ಜೊತೆ ಈ ಪತ್ರವೂ ಬರುತ್ತದೆ. ಫೋನಿದ್ದೂ ಮಾವ ಪತ್ರ ಬರೆಯುತ್ತಾನಲ್ಲ ಎಂದು ನಗಬೇಡ. ಫೋನಿನಲ್ಲಿ ಬಾಯಿ ಬಿಡಬೇಕಾದಾಗ ನಾನು ಬಿಡಲಿಲ್ಲ. ಅದಕ್ಕೇ ಪೆನ್ನು ಹಿಡಿದೆ.

ಕಂಪ್ಯೂಟರಿಗೆ ಕೈ ಹಚ್ಚಿದ್ದು, ಅದರಲ್ಲಿ ನಿನ್ನ ಜೊತೆ ಸೀರೆಯ ದಡಿ ಬರೆಯುವ ಇಷ್ರತ ಅಲ್ಲ ಮಗಳೇ. ನಾನು.

ನೀನು ಹೋಗುವ ದಿನ ಬಾಗಿಲಲ್ಲಿ ನಿಂತು ಏನು ಹೇಳಿದ್ದೆ ಎಂಬುದು ನನಗೆ ಚೆನ್ನಾಗಿ ನೆನಪಿದೆ. "ಮಾವಾರ, ತೆರಿ ಮ್ಯಾಲೆ ನೀಲಿ ಚೌಕ ಬಂದ್ರ 'ಆಮೇಲೆ' ಅನ್ನೋದನ್ನ ಒತ್ರಿ. ನಮ್ಮ ಮಶೀನ್ ಹಳೇದೈತಿ, ನಾ ಬಂದು ನೋಡ್ತೀನಿ" ಎಂದಿದ್ದೆ. ನಾನು ಗೋಣು ಹಾಕಿದ್ದೆ. ಹೊಸ ದಡಿಯಲ್ಲಿ ಎಳೆಗಳ ಲೆಕ್ಕ ನೋಡೋಣವೆಂದು ಒಂದು ಬೆಳಿಗ್ಗೆ ಕಂಪ್ಯೂಟರ್ ಹಚ್ಚಿದೆ. ಆ ಚೌಕ ದಡಿಯ ಚಿತ್ರದ ಮೇಲೇ ಬಂದು ಕೂತಿತು. ಹೊಸ ವ್ಯವಸ್ಥೆ ಬಂದಿದೆ, ಈಗ ಹಾಕಲೋ ಆಮೇಲೆ ಹಾಕಲೋ ಎಂದು ಕೇಳಿತು. ಜೀವಮಾನವೆಲ್ಲ ಮಗ್ಗದ ಮುಂದೆ ಕೂತವನು ನಾನು. ಮಾಡುವ ಕೆಲಸಕ್ಕೆ ಆಮೇಲೆ ಅನ್ನುವವರನ್ನು ಕಂಡರೆ ನನಗೆ ಆಗುವುದಿಲ್ಲ. 'ಈಗ' ಎಂಬುದನ್ನು ಒತ್ತಿಬಿಟ್ಟೆ. ಸೊಸೆ ಬರುವುದರೊಳಗೆ ಒಂದು ಕೆಲಸ ಮುಗಿಸಿಟ್ಟೆನೆಂಬ ಜಂಬ ಬೇರೆ.

ಮಧ್ಯಾಹ್ನದವರೆಗೆ ಅದು ತಾನೇ ಆರಿತು, ತಾನೇ ಹತ್ತಿತು, ಕೊನೆಗೆ ಹೊಸ ಮುಖ ತೋರಿಸಿತು. ಚಂದವೇ ಇತ್ತು. ಆದರೆ ಮುಂದಿನ ಕೆಂಪು ದೀಪ ಮಿಣುಕುವುದನ್ನು ಬಿಟ್ಟು ಒಂದೇ ಸಮನೆ ಉರಿಯತೊಡಗಿತು. ಕಂಪ್ಯೂಟರಿನ ಡಬ್ಬಿಯ ಒಳಗಿಂದ ಕರಕರ, ಕರಕರ ಸಪ್ಪಳ. ತೆರೆಯ ಮೇಲಿನ ಬಾಣವನ್ನು ಆಚೆ ಎಳೆದರೆ ಅದು ಈಚೆಯೇ ನಿಂತಿರುತ್ತಿತ್ತು. ಒಂದು ದಡಿ ತೆರೆಯೆಂದು ಹೇಳಿ, ಎದ್ದು ಹೋಗಿ ಚಹಾ ಕುಡಿದು ಬಂದರೂ ತೆರೆದಿರಲಿಲ್ಲ. ನಮ್ಮ ಕೈಯ ಚಟ ನಿನಗೆ ಗೊತ್ತು. ಮಗ್ಗದಲ್ಲಿ ಬೇರೆ ಸಪ್ಪಳ ಕಿವಿಗೆ ಬಿದ್ದರೆ ಕೈ ಯೋಚನೆ ಮಾಡುವುದಿಲ್ಲ, ನಿಂತುಬಿಡುತ್ತದೆ. ನಿಲ್ಲದಿದ್ದರೆ ಹಾಸಿನ ಎಳೆಗಳೆಲ್ಲ ಹರಿದುಹೋಗುತ್ತವೆ. ಆ ಕೈಯೇ ಗೋಡೆಗೆ ಹೋಗಿ ವೈರ್ ಕಿತ್ತಿತು. ಮತ್ತೆ ಹಚ್ಚಿದರೆ ಮತ್ತೆ ಅದೇ ಕರಕರ. ಮತ್ತೆ ಕಿತ್ತೆ. ಹೀಗೆ ಎರಡು ದಿನ ನಾನು ಕೀಳುವುದು, ಅದು ಕರಗುಟ್ಟುವುದು.

ಎರಡನೆಯ ದಿನ ಇಷ್ರತ ಬೆಳಿಗ್ಗೆ ಬಂದು ತನ್ನ ಮಲ್ಲಿಗೆ ಮೊಗ್ಗಿನ ದಡಿ ತೆರೆದಿಟ್ಟು, ಬಹಳ ನಿಧಾನ ನಡೆಯುತ್ತಿದೆ ಎಂದು ಗೊಣಗುತ್ತಾ ಊಟಕ್ಕೆ ಹೋಗಿದ್ದಳು. ಆ ಹೊತ್ತಿನಲ್ಲಿ ಸಪ್ಪಳ ತಾಳಲಾರದೆ ನಾನು ವೈರ್ ಎಳೆದೆ. ಬಾಗಿಲ ಹೊರಗೆ ಅವಳು ಕೆಮ್ಮಿದ್ದು ಕೇಳಿಸಿತು. ಗಡಬಡಿಸಿ ವೈರ್ ಹಚ್ಚಿ ಮಗ್ಗಕ್ಕೆ ಹೋಗಿ ಕೂತೆ. ಅವಳು ಒಳಗೆ ಬಂದು ಕಂಪ್ಯೂಟರ್ ಹಚ್ಚಿ ನೋಡುತ್ತಾಳೆ, ಅವಳ ದಡಿ ಅರ್ಧಕ್ಕೇ ಕತ್ತರಿಸಿದ ಹಾಗೆ ಇದೆ. ಉಳಿದ ಅರ್ಧದಲ್ಲಿ ಬರೀ ಬೂದು ಬಣ್ಣ. ಎಷ್ಟು ದಿನದಿಂದ ಬೆನ್ನು ಬಗ್ಗಿಸಿ ಬರೆದ ಮೊಗ್ಗುಗಳು! ಹುಡುಗಿ ಖುರ್ಚಿಯ ಮೇಲೆ ಕೂತು ಉಳಿದ ಮೊಗ್ಗುಗಳನ್ನು ಒಂದೊಂದಾಗಿ ಎಣಿಸಿದಳು.

ಅದೇ ಸಂಜೆ ನಿನ್ನ ಫೋನು ಬಂತು. ಸ್ಪೀಕರ್ ಹಾಕಿದ್ದೆವು. ಅಪ್‌ಡೇಟ್ ಆಗಿದೆ, ದಡಿ ಹಾಳಾಗಿದೆ ಎಂದು ಗೊತ್ತಾದ ಕೂಡಲೇ ನೀನು ಕೇಳಿದೆ: "ಯಾರು ಒತ್ತಿದ್ದು?" ನಾನು ಲಾಳಿಯನ್ನು ಕೈಯಲ್ಲಿ ತಿರುವುತ್ತಾ ಕೂತೆ. ಸೊಸೆಯ ಮುಂದೆ, ಅದೂ ಗೋಣು ಹಾಕಿ ಒಪ್ಪಿಕೊಂಡ ಮಾತಿಗೆ, ತಪ್ಪಾಯಿತು ಎನ್ನಲು ನಾಲಿಗೆ ಏಳಲಿಲ್ಲ. ನಾನು ಸುಳ್ಳು ಹೇಳಲಿಲ್ಲ ಶ್ವೇತಾ, ಆದರೆ ನನ್ನ ಸುಮ್ಮನಿರುವಿಕೆಯೇ ಅವಳ ಕಡೆ ಬೆರಳು ತೋರಿಸಿತು. "ಇಷ್ರತಾ, ನಿನ್ನ ನಂಬಿ ಬಿಟ್ಟು ಬಂದಿದ್ದೆ. ನಾ ಬರೋತನಕ ಕಂಪ್ಯೂಟರ್ ಮುಟ್ಟಬ್ಯಾಡ ನೀ" ಎಂದು ನೀನು ಅಂದೆ. ಅವಳು "ಆತಕ್ಕಾ" ಎಂದಳು. ಓಢಣಿ ಸರಿ ಮಾಡಿಕೊಂಡು, ತನ್ನ ನೀರಿನ ಬಾಟಲಿ ತೆಗೆದುಕೊಂಡು ಹೋದಳು. ಅಂದಿನಿಂದ ಬಂದಿಲ್ಲ. ನಾನೂ ಸಂತೆಗೆ ಹೋಗುವಾಗ ಅವರ ಮನೆಯ ಮುಂದಿನ ದಾರಿ ಬಿಟ್ಟು ಹಿಂದಿನ ಓಣಿಯಿಂದ ಹೋಗುತ್ತೇನೆ.

ಮೊನ್ನೆ ಡಬ್ಬಿಯನ್ನು ಟಾವೆಲ್ಲಿನಲ್ಲಿ ಸುತ್ತಿ, ಆಟೋದಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬಸ್‌ಸ್ಟ್ಯಾಂಡಿನ ಹತ್ತಿರ ರಿಪೇರಿ ಮಾಡುವ ಕಲ್ಲೇಶನ ಅಂಗಡಿಗೆ ಒಯ್ದೆ. ಅವನು ಹಚ್ಚಿ, ಕಿವಿಗೊಟ್ಟು ಕೇಳಿ, ಏನೇನೋ ತೆರೆದು ನೋಡಿ ನಕ್ಕ. "ಅಜ್ಜಾರ, ಇದಕ್ಕ ರೋಗ ಇಲ್ಲರಿ. ಹೊಸಾ ವ್ಯವಸ್ಥೆ ಬಂದೈತಿ, ಎಲ್ಲಿ ಏನೈತಿ ಅಂತ ಒಂದೊಂದ ಫೈಲ್ ತಗದು ಗುರುತು ಹಾಕ್ಕೊಳ್ಳಾಕತ್ತೈತಿ. ಮುಗಿದ ಮ್ಯಾಲೆ ತಾನ ಸುಮ್ಮನಾಗ್ತೈತಿ. ನಡುವ ವೈರ್ ಕಿತ್ತವರು ಯಾರು?" "ನಾನೇ" ಎಂದೆ. ನೋಡು, ಗುರುತಿಲ್ಲದವನ ಮುಂದೆ ಎಷ್ಟು ಸಲೀಸಾಗಿ ಬಂತು ಆ ಮಾತು. "ಹಂಗಾದ್ರ ಪಾಪ ಅದು ಏನ್ ಮಾಡಬೇಕ್ರಿ? ಪ್ರತೀ ಸಲ ಮತ್ತ ಮೊದಲಿಂದ ಶುರು" ಎಂದ. ಡಿಸ್ಕ್ ಪರೀಕ್ಷೆ ಮಾಡಿ ಗಟ್ಟಿ ಇದೆ ಎಂದ, ಬೇಡದ ಒಂದೆರಡು ಕೆಲಸಗಳನ್ನು ಬಂದ್ ಮಾಡಿದ. ಮನೆಯಲ್ಲಿ ಹಚ್ಚಿ ಒಂದು ಪೂರ್ತಿ ದಿನ ಮುಟ್ಟದೆ ಬಿಡಬೇಕೆಂದು ಹೇಳಿ ಕಳಿಸಿದ.

ನಿನ್ನೆ ಅಮಾವಾಸ್ಯೆ. ಓಣಿಯ ಮಗ್ಗಗಳೆಲ್ಲ ನಿಂತಿದ್ದವು, ನಮ್ಮದೂ. ಅಮಾವಾಸ್ಯೆಯ ದಿನ ನಮ್ಮ ಮನೆಯಲ್ಲಿ ನೂಲು ಸುತ್ತುವ ರಾಟೆ ಕೂಡ ತಿರುಗಿದ್ದಿಲ್ಲ. ಆಯುಧ ಪೂಜೆಯಲ್ಲಿ ನೀನೇ ಆ ಡಬ್ಬಿಗೆ ಕುಂಕುಮ ಹಚ್ಚಿದವಳು. ಅಂದರೆ ಅದೂ ನಮ್ಮ ಮಗ್ಗವೇ. ಬೆಳಿಗ್ಗೆ ವೈರಿನ ಮುಂದೆ ನಿಂತು ಬಹಳ ಹೊತ್ತು ಹೊಯ್ದಾಡಿದೆ. ಕೊನೆಗೆ ಹಚ್ಚಿ, ಬಿಟ್ಟೆ. ಓಣಿ ಅಷ್ಟು ಸ್ತಬ್ಧವಾಗಿದ್ದಾಗ ಆ ಕರಕರ ಇನ್ನೂ ದೊಡ್ಡದಾಗಿ ಕೇಳುತ್ತಿತ್ತು. ಮುದುಕವ್ವ ಹೋಳಿಗೆ ತಟ್ಟುತ್ತಲೇ ಬೈದಳು: "ಅಮಾಸಿ ದಿನ ಮಶೀನ್ ಹಚ್ಚಿ ಅದರ ಮುಂದ ಜಪಕ್ಕ ಕುಂತೀಯಲ್ಲ, ಆ ಹುಡುಗಿ ಮನಿ ನಾಕ ಹೆಜ್ಜಿ ಮ್ಯಾಲೈತಿ, ಅಲ್ಲಿಗೆ ಹೋಗಾಕ ಕಾಲ ಇಲ್ಲೇನ ನಿನಗ?" ನಾನು ಎರಡೂ ಕೈ ಕಂಕುಳಲ್ಲಿ ಹುದುಗಿಸಿಕೊಂಡು ಕೂತೆ. ಎಷ್ಟೋ ಸಲ ಕೈ ತಾನೇ ಎದ್ದಿತು, ಮತ್ತೆ ಹುದುಗಿಸಿಕೊಂಡೆ.

ದೀಪ ಹಚ್ಚುವ ಹೊತ್ತಿಗೆ ಸಪ್ಪಳ ನಿಂತಿತು. ಕೆಂಪು ದೀಪ ಆಗೊಮ್ಮೆ ಈಗೊಮ್ಮೆ ಮಿಣುಕುತ್ತದೆ ಅಷ್ಟೇ. ಈಗ ದಡಿಗಳೆಲ್ಲ ಮುಟ್ಟಿದ ಕೂಡಲೇ ತೆರೆಯುತ್ತವೆ, ನೀನು ಬರೆದವೆಲ್ಲ ಇದ್ದ ಹಾಗೇ ಇವೆ. ಇಷ್ರತಳ ಮೊಗ್ಗುಗಳು ಮಾತ್ರ ಅರ್ಧಕ್ಕೇ ನಿಂತಿವೆ. ಅದನ್ನು ಪೂರ್ತಿ ಮಾಡಲು ಅವಳೇ ಬೇಕು. ಯಂತ್ರ ಸುಮ್ಮನಾದ ಮೇಲೆ ನನಗೇನೂ ಸಮಾಧಾನವಾಗಲಿಲ್ಲ ಮಗಳೇ. ಖಾಲಿ ಖುರ್ಚಿಯನ್ನು ನೋಡುತ್ತಾ ಕೂತೆ.

ನನ್ನ ಮೇಲೆ ಸಿಟ್ಟು ಮಾಡಿಕೋ, ಅದಕ್ಕೆ ನಾನು ತಕ್ಕವನೇ. ಆದರೆ ಬಸುರಿ ನೀನು, ಸಿಟ್ಟಿನಲ್ಲಿ ಊಟ ಬಿಡಬೇಡ. ನೀನು ಸುಖವಾಗಿ ಹಡೆದು, ಕೂಸನ್ನು ಎತ್ತಿಕೊಂಡು ನಗುತ್ತಾ ಈ ಹೊಸ್ತಿಲು ದಾಟಬೇಕು.

ನಿನ್ನ ಮಾವ,
ಅಂದಾನೆಪ್ಪ

ತಾ.ಕ.: ಬಸವಪ್ರಸಾದ ಚಪ್ಪಲಿ ಹಾಕಿಕೊಂಡು ಬಸ್ಸು ತಪ್ಪುತ್ತದೆಂದು ಕೂಗುತ್ತಿದ್ದಾನೆ, ಲಗೂ ಬರೆಯುತ್ತೇನೆ. ಪತ್ರ ಮಡಚಿದ ಮೇಲೆ ತಡೆಯಲಾರದೆ ಇಷ್ರತಳ ಮನೆಗೆ ಹೋಗಿ ಎಲ್ಲವನ್ನೂ ಹೇಳಿ ಬಂದೆ. ಅವಳ ತಾಯಿ ಖಾಜಾಬಿ ಏನೆಂದಳು ಗೊತ್ತೇ? "ಅಣ್ಣಾರ, ಅದು ನಮ್ಮಾಕಿಗೆ ಅವತ್ತ ಗೊತ್ತರಿ. ನೀವು ವೈರ್ ಹಿಡಕೊಂಡು ನಿಂತದ್ದು ನೋಡೇ ಹಿಂದ ಸರಿದು ಕೆಮ್ಮಿದ್ಲಂತ. ಕಾಕಾಗ ವೈರ್ ಹಚ್ಚಾಕ ಹೊತ್ತು ಸಿಗಲಿ, ಸೊಸಿ ಮುಂದ ಸಣ್ಣವರಾಗೋದು ಬ್ಯಾಡ ಅಂತ." ಎಲ್ಲ ಗೊತ್ತಿದ್ದೂ ಅಂದು ಆ ಹುಡುಗಿ "ಆತಕ್ಕಾ" ಎಂದಿದ್ದಾಳೆ! ಇಷ್ರತಳನ್ನು ಬಾರವ್ವಾ ಎಂದು ಕರೆದೆ. "ಮುಟ್ಟಬ್ಯಾಡ ಅಂದಾಕಿ ಅಕ್ಕ. ಅಕ್ಕನೇ ಕರೀಬೇಕ್ರಿ ಕಾಕಾ" ಎಂದಳು. ಬೇರೆ ಕಡೆ ಕೆಲಸ ನೋಡುತ್ತಿದ್ದಾಳಂತೆ. ಹೋಳಿಗೆಯ ಡಬ್ಬಿ ಬಿಚ್ಚುವ ಮೊದಲು ಅವಳಿಗೆ ಫೋನ್ ಮಾಡು ಯವ್ವಾ. ಇದನ್ನು ಮಾತ್ರ 'ಆಮೇಲೆ' ಎನ್ನಬೇಡ, 'ಈಗ' ಒತ್ತು.