ಶೇಂಗಾ ತಿಂದ ಉಪವಾಸ

ನನ್ನೊಡನೆ ಮಾತು ಬಿಟ್ಟಿರುವ ಹಂಪಣ್ಣನಿಗೆ, ಸಿಂಧನೂರಿನಿಂದ ತಂಗಿಯ ವಂದನೆಗಳು.

ಅಣ್ಣಾ, ನೀನು ಫೋನ್ ಎತ್ತುವುದಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ. ಕಳೆದ ವಾರ ನಾನು ಆ ಪರೀಕ್ಷೆಯನ್ನು ಮಾಡಿಸಿಕೊಂಡೆ, ಒಬ್ಬಳೇ.

ಅವ್ವನನ್ನು ಕೊಂದದ್ದು ದೊಡ್ಡ ಕರುಳಿನ ಕ್ಯಾನ್ಸರ್. ರಕ್ತ ಕಂಡಾಗಲೆಲ್ಲ "ಮೈಯಾಗ ಉಷ್ಣ ಆಗೈತಿ" ಎಂದು ಮಜ್ಜಿಗೆ ಕುಡಿದು ಸುಮ್ಮನಾದಳು. ಅವಳಿಗೆ ಚಿಕ್ಕ ವಯಸ್ಸಿನಲ್ಲೇ ಬಂದದ್ದರಿಂದ, ಯಾವ ನೋವಿಲ್ಲದಿದ್ದರೂ ಮಕ್ಕಳಿಬ್ಬರೂ ಕೊಲೊನೋಸ್ಕೋಪಿ ಮಾಡಿಸಿಕೊಳ್ಳಬೇಕೆಂದು ಲಿಂಗಸುಗೂರಿನ ವೈದ್ಯರು ಹೇಳಿದ್ದರು. ಕ್ಯಾಮೆರಾ ಇರುವ ನಳಿಕೆಯನ್ನು ಕರುಳಿಗೆ ಇಳಿಸಿ ನೋಡುವ ಪರೀಕ್ಷೆ ಅದು, ಕರುಳು ತೊಳೆದಂತಿರಬೇಕು.

ಹೋದ ಸಲ ನರ್ಸು ನಿನಗೆ ಕರುಳು ತೊಳೆಯುವ ಔಷಧ ಕೊಟ್ಟು, "ಉಪವಾಸ ಇದ್ದು ಬರ್ರಿ" ಎಂದಷ್ಟೇ ಹೇಳಿದಳು. ನೀನು ಶ್ರಾವಣ ಸೋಮವಾರದ ನೇಮದಂತೆಯೇ ಇದ್ದೆ: ಸಾಬೂದಾಣಿ, ಹುರಿದ ಶೇಂಗಾ, ಬಾಳೆಹಣ್ಣು. ನಳಿಕೆ ಇಳಿಸಿದವರಿಗೆ ಶೇಂಗಾ ಚೂರುಗಳ ಹೊರತು ಏನೂ ಕಾಣಲಿಲ್ಲ. "ಏನಪಾ, ಹೊಟ್ಟ್ಯಾಗ ಶೇಂಗಾ ಬಿತ್ತಿ ಬಂದೀಯೇನು?" ಎಂದು ಆಯಾ ನಕ್ಕಳು, ವಾರ್ಡೆಲ್ಲ ನಕ್ಕಿತು. ಇನ್ನೊಮ್ಮೆ ಮಾಡಿಸೋಣ ಎಂದ ನನಗೆ, "ಸಾಯೋದಿದ್ರ ಮಾನದಿಂದ ಸಾಯ್ತೀನಿ, ನಿನ್ನ ದೊಡ್ಡ ಓದು ನನ್ನ ಮ್ಯಾಲೆ ತೋರಿಸಬ್ಯಾಡ" ಎಂದು, ನೀನು ಗುಂಡಿ ತಪ್ಪಾಗಿ ಹಾಕಿಕೊಂಡ ಅಂಗಿಯಲ್ಲೇ ಮಸ್ಕಿ ಬಸ್ಸು ಹತ್ತಿದೆ.

ನಿನ್ನದು ತಪ್ಪಲ್ಲ. ನಮ್ಮ ಮನೆಯಲ್ಲಿ ಉಪವಾಸ ಎಂಬ ಪದಕ್ಕೆ ಬೇರೆ ಅರ್ಥವೇ ಇರಲಿಲ್ಲ.

ಎಂ.ಎಸ್ಸಿ.ಯವರೆಗೆ ಮೊದಲ ಸ್ಥಾನವನ್ನು ಯಾರಿಗೂ ಬಿಟ್ಟುಕೊಡದವಳು ನಾನು. ಯಾರ ನೆರವನ್ನೂ ಬೇಡಿದವಳಲ್ಲ. ಆದರೆ ಕಳೆದ ವಾರ ಆಸ್ಪತ್ರೆಯಲ್ಲಿ ನರ್ಸು "ಜೋಡಿ ಯಾರು ಬಂದಾರ?" ಎಂದು ಕೇಳಿದಾಗ ಬಾಗಿಲಿನತ್ತ ತಿರುಗಿ ನೋಡಿದೆ. ಮಂಪರಿನ ಔಷಧ ಕೊಡುವುದರಿಂದ ಮನೆಗೆ ಕರೆದೊಯ್ಯುವವರು ಬೇಕೇ ಬೇಕಂತೆ. ಗಂಡನ ಆರೈಕೆಗೆ ಬಂದಿದ್ದ ಮೀರಾಬಿ ಎಂಬ ಅಪರಿಚಿತೆ, "ನಮ್ಮ ಹುಡುಗೀನ ಐತಿ, ನಾ ಅದೀನಲ್ಲ" ಎಂದರು. ಎಚ್ಚರವಾದಾಗ ಅವರ ಕೈ ನನ್ನ ಹಣೆಯ ಮೇಲಿತ್ತು. ಕಣ್ಣು ತೆರೆಯದೆ, ಅದು ನಿನ್ನದೆಂದು ತುಸು ಹೊತ್ತು ನಂಬಿಕೊಂಡೆ.

ಅಣ್ಣಾ, ನನ್ನ ಕರುಳಿನಲ್ಲಿ ಒಂದು ಸಣ್ಣ ಗಂಟು ಇತ್ತು. ಅದೇ ನಳಿಕೆಯಿಂದ ಕತ್ತರಿಸಿ ತೆಗೆದರು. ಕ್ಯಾನ್ಸರ್ ಅಲ್ಲ, ಬಿಟ್ಟಿದ್ದರೆ ಮುಂದೆ ಆಗಬಹುದಿತ್ತಂತೆ. ನನಗೆ ಯಾವ ನೋವೂ ಇರಲಿಲ್ಲ. ನಿನಗೂ ಇಲ್ಲ ಎಂಬುದೇ ನನ್ನ ಹೆದರಿಕೆ.

ಭಾನುವಾರ ಮಸ್ಕಿಗೆ ಬರುತ್ತೇನೆ, ಸೋಮವಾರ ನಿನ್ನನ್ನು ಪರೀಕ್ಷೆಗೆ ಕರೆದೊಯ್ಯುತ್ತೇನೆ. ಈ ಸಲ ಎಳನೀರು, ತಿಳಿನೀರು, ಔಷಧ ಮಾತ್ರ. ನಿನ್ನ ಜೊತೆ ನಾನೂ ಅಷ್ಟರಲ್ಲೇ ಇರುತ್ತೇನೆ. ಮಾತಾಡಬೇಡ, ಬಸ್ಸಿನಲ್ಲಿ ಬೇರೆ ಸೀಟಿನಲ್ಲಿ ಕುಳಿತರೂ ಸರಿ, ಬಾ. ಈ ಊರಿನಲ್ಲಿ ಎಲ್ಲರೂ ನನ್ನನ್ನು ಮೇಡಂ ಎನ್ನುತ್ತಾರೆ. "ಏ ಭಾರ್ತಿ" ಎನ್ನಲು ಭೂಮಿಯ ಮೇಲೆ ಉಳಿದಿರುವವನು ನೀನೊಬ್ಬನೇ.

ನಿನ್ನ ಆಯುಷ್ಯ ಗಟ್ಟಿಯಾಗಿರಲಿ.

ದಾರಿ ಕಾಯುವ,
ಭಾರತಿ